ಎಂಟಕ್ಷರದ ಏಣಿ

ನಮ್ಮ ಮನೆಯ ಫ್ರಿಜ್ಜಿನ ನೆತ್ತಿಯ ಮೇಲೆ ಎರಡು ಸ್ಟೀಲ್ ಲೋಟಗಳು ಸದಾ ಬುಡಕ್ಕೆ ಬುಡ ತಾಗಿಸಿಕೊಂಡು ನಿಂತಿರುತ್ತವೆ. ಕೆಳಗಿನದು ಬೋರಲು, ಮೇಲಿನದು ನೆಟ್ಟಗೆ. ಮನೆಗೆ ಬಂದವರು ನೀರು ಕುಡಿಯಲೆಂದು ಅವುಗಳಿಗೆ ಕೈ ಹಾಕಿದರೆ ನಾನು "ಅಯ್ಯೋ, ಅದೊಂದು ಬೇಡ!" ಎಂದು ಕೂಗುತ್ತೇನೆ. ಮಡಿಯ ಲೋಟವಿರಬೇಕು ಎಂದುಕೊಂಡು ಅವರು ಪೆಚ್ಚಾಗಿ ಕೈ ಹಿಂದಕ್ಕೆ ತೆಗೆದುಕೊಳ್ಳುತ್ತಾರೆ. ಮಡಿಗೂ ನನಗೂ ಅಂಥ ಸ್ನೇಹವೇನಿಲ್ಲ. ಅದು ನನ್ನ ಭೂಕಂಪಮಾಪಕ. ನೆಲ ಕೊಂಚ ಅಲುಗಿದರೂ ಮೇಲಿನ ಲೋಟ ಠಣ್ಣನೆ ಬಿದ್ದು ನನ್ನನ್ನು ಎಚ್ಚರಿಸಬೇಕು. ಈವರೆಗೆ ಅದನ್ನು ಬೀಳಿಸಿದ್ದು ಮಾತ್ರ ಫ್ರಿಜ್ಜಿನ ಬಾಗಿಲನ್ನು ದಢಾರನೆ ಹಾಕುವ ನಮ್ಮ ಯಜಮಾನರು.

ಈಗ ನಾವಿರುವುದು ಸೂರತ್ತಿನಲ್ಲಿ. ಬ್ಯಾಂಕಿನವರನ್ನು ಮದುವೆಯಾದವಳಿಗೆ ಊರು ಎನ್ನುವುದು ವರ್ಗಾವಣೆಯ ಆದೇಶದ ಮೇಲಿನ ಒಂದು ಪದ ಅಷ್ಟೆ. ಇದಕ್ಕೆ ಮೊದಲು ಅಹಮದಾಬಾದಿನ ಮಣಿನಗರದಲ್ಲಿದ್ದೆವು, ಮೂರನೇ ಮಹಡಿಯಲ್ಲಿ. 2001ರ ಗಣರಾಜ್ಯೋತ್ಸವದ ಬೆಳಿಗ್ಗೆ ಭೂಮಿ ನಡುಗಿದಾಗ ಅಲ್ಲೇ ಇದ್ದೆ. ಲೋಟಗಳ ಕಥೆ ಅಲ್ಲಿಂದ ಶುರು. ನಾನು ಫಿಲಿಪೀನ್ಸ್ ದೇಶದ ಜನಪದ ಹಾಡುಗಳ ಛಂದಸ್ಸನ್ನು ಕಲಿತದ್ದೂ ಅಲ್ಲಿಂದಲೇ. ಎಲ್ಲಿಯ ಫಿಲಿಪೀನ್ಸ್, ಎಲ್ಲಿಯ ಮಣಿನಗರ ಎಂದು ನೀವು ಕೇಳಬಹುದು. ನಡುವೆ ಉಡುಪಿ ಇತ್ತು, ಅದಕ್ಕೇ ಸಾಧ್ಯವಾಯಿತು.

ನಮ್ಮ ಕಟ್ಟಡದ ಗೇಟಿನ ಎದುರಿಗೇ ವಾಸಣ್ಣನ ಉಡುಪಿ ಹೋಟೆಲು. ವಾಸಣ್ಣ ಹರೆಯದಲ್ಲಿ ಕೊಲ್ಲಿ ದೇಶದ ಒಂದು ದೊಡ್ಡ ಹೋಟೆಲಿನಲ್ಲಿ ಅಡುಗೆ ಮಾಡುತ್ತಿದ್ದಾಗ ಅಲ್ಲಿಯೇ ಕೆಲಸಕ್ಕಿದ್ದ ಲೋರ್ನಾಳನ್ನು ಕಂಡು, ಮೆಚ್ಚಿ, ಮದುವೆಯಾಗಿ ಕರೆದುಕೊಂಡು ಬಂದವನು. ಲೋರ್ನಾ ಫಿಲಿಪೀನ್ಸಿನ ಸೆಬು ಎಂಬ ದ್ವೀಪದವಳು. ಅತ್ತೆಯ ಬಾಯಿಂದ ಕಲಿತ ಅಚ್ಚ ಉಡುಪಿ ಕಡೆಯ ಕನ್ನಡವನ್ನು ಅವಳು ಮಾತಾಡುವುದು ಕೇಳಿದರೆ, ಭಾನುವಾರ ಕನ್ನಡ ಸಂಘದಲ್ಲಿ ನಾನು ಪಾಠ ಹೇಳುತ್ತಿದ್ದ ಮಕ್ಕಳ ನೆನಪಾಗಿ ನನಗೆ ನಾಚಿಕೆಯಾಗುತ್ತಿತ್ತು. ಅಪ್ಪ ಅಮ್ಮ ಇಬ್ಬರೂ ಕನ್ನಡದವರಾದ ಆ ಮಕ್ಕಳು "ಟೀಚರ್, ನಾನು ಪಾನಿ ಪೀಕೆ ಬರ್ತೀನಿ" ಎನ್ನುತ್ತಿದ್ದರು. ಸಂಘದವರ ದೆಸೆಯಿಂದ ಲೋರ್ನಾಳೂ ನನ್ನನ್ನು ಟೀಚರ್ ಎಂದೇ ಕರೆಯುತ್ತಿದ್ದಳು. ಕನ್ನಡ ಎಂ.ಎ. ಮಾಡಿ, ಛಂದಸ್ಸಿನಲ್ಲಿ ತರಗತಿಗೇ ಹೆಚ್ಚು ಅಂಕ ತೆಗೆದು, ಆಮೇಲೆ ಲಘು ಗುರುಗಳನ್ನೆಲ್ಲ ಚಪಾತಿಯ ಕೆಳಗೆ ಲಟ್ಟಿಸಿಬಿಟ್ಟವಳಿಗೆ ಅಷ್ಟು ಬಿರುದೂ ಹಿತವಾಗಿಯೇ ಇತ್ತು.

ಆ ಬೆಳಿಗ್ಗೆ ಯಜಮಾನರು ಧ್ವಜವಂದನೆಗೆಂದು ಬ್ಯಾಂಕಿಗೆ ಹೋಗಿದ್ದರು. ನಾನು ಹಿಂಬದಿಯ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ಸಂಕ್ರಾಂತಿಯ ಗಾಳಿಪಟಗಳು ಇನ್ನೂ ತಂತಿಗಳಿಗೆ ಸಿಕ್ಕಿಕೊಂಡು ಒದ್ದಾಡುತ್ತಿದ್ದವು. ಹಿಂದಿನ ಕಟ್ಟಡದ ಬಾಲ್ಕನಿಯಲ್ಲಿ ಜಶೋದಾಬೆನ್ ಎಂದಿನಂತೆ ಹಾಸಿಗೆಯ ಚಾದರ ಕೊಡವುತ್ತಿದ್ದರು. ದಿನಾ ಅದೇ ಹೊತ್ತಿಗೆ ನಾವಿಬ್ಬರೂ ಅಲ್ಲಿ ನಿಂತು ಕೈಬೀಸಿಕೊಳ್ಳುವುದು ರೂಢಿ. ಅವರು "ಕೇಮ್ ಛೋ" ಎಂದು ಕುಶಲ ಕೇಳಿದರು. ನಾನು ಹಲ್ಲಿನಲ್ಲಿ ಬಟ್ಟೆಯ ಕ್ಲಿಪ್ಪು ಕಚ್ಚಿಕೊಂಡಿದ್ದರಿಂದ ತಲೆಯಾಡಿಸಿದೆ. ಆಮೇಲೆ ನನ್ನ ತಲೆಯೊಂದೇ ಅಲ್ಲದೆ ಎಲ್ಲವೂ ಆಡಿತು. ಕೆಳಗೆ ಕಾರು ನಿಲ್ಲಿಸಲು ಬಿಟ್ಟಿದ್ದ ಕಂಬಗಳ ಮೇಲೆ ಜಶೋದಾಬೆನ್ನರ ಕಟ್ಟಡ ಮೊಣಕಾಲು ಮಡಿಸಿ ಕುಳಿತ ಒಂಟೆಯ ಹಾಗೆ ಕುಸಿಯಿತು. ಧೂಳು ಮೇಲಕ್ಕೆದ್ದಿತು. ಎಲ್ಲ ಕೆಳಗೆ ಹೋದ ಮೇಲೂ ಆ ಹೂವಿನ ಚಾದರ ಗಾಳಿಯಲ್ಲಿ ಒಂದಿಷ್ಟು ಹೊತ್ತು ನಿಂತಿತ್ತು. ಆಮೇಲೆ ತಾನೂ ನಿಧಾನವಾಗಿ ಇಳಿಯಿತು.

ಜಶೋದಾಬೆನ್ನರನ್ನು ಸಂಜೆಯ ಒಳಗೆ ಜೀವಸಹಿತ ಹೊರಗೆ ತೆಗೆದರು. ಕಾಲು ಮುರಿದಿತ್ತು. ಆಸ್ಪತ್ರೆಯಿಂದ ಮಗಳು ಅವರನ್ನು ವಡೋದರಾಕ್ಕೆ ಕರೆದುಕೊಂಡು ಹೋದಳು. ಆ ಕಟ್ಟಡದ ಎಲ್ಲರಿಗೂ ಅಂಥ ಸಂಜೆ ಬರಲಿಲ್ಲ. ಅವರ ಬಗ್ಗೆ ಲಲಿತವಾಗಿ ಬರೆಯಲು ನನ್ನಿಂದಾಗದು; ಅವರನ್ನು ನೆನೆಯುತ್ತೇನೆ, ಮುಂದಕ್ಕೆ ಹೋಗುತ್ತೇನೆ.

ನಾನು ಮೆಟ್ಟಿಲಿಳಿದದ್ದು ನನಗೆ ನೆನಪಿಲ್ಲ. ನೆನಪಿರುವುದು ಹೋಟೆಲಿನ ಮುಂದೆ ಲೋರ್ನಾ ನನ್ನ ಎರಡೂ ಕೈ ಹಿಡಿದುಕೊಂಡು ನಿಂತದ್ದು. ಅವಳು ಮೊದಲು ಮಾಡಿದ ಕೆಲಸವೆಂದರೆ ನನ್ನ ಹಲ್ಲಿನಿಂದ ಆ ಕ್ಲಿಪ್ಪನ್ನು ಬಿಡಿಸಿದ್ದು. ಆಮೇಲೆ ನನ್ನನ್ನು ರಸ್ತೆಯ ಬದಿಗೆ ಕೂರಿಸಿ, ಬೆನ್ನು ಸವರುತ್ತ ಏನನ್ನೋ ಗುನುಗಿದಳು. ಎರಡು ಮೂರು ಸ್ವರಗಳಲ್ಲೇ ಹೋಗಿ ಬಂದು ಮಾಡುವ, ತೊಟ್ಟಿಲಿನಷ್ಟೇ ಅಗಲದ ರಾಗ.

"ಅದೆಂತ ಹಾಡು?" ಎಂದು ನಾನು ಕೇಳಿದೆನಂತೆ. ಪ್ರಪಂಚ ಮುಳುಗುತ್ತಿರುವಾಗಲೂ ಎಂ.ಎ. ಸುಮ್ಮನಿರುವುದಿಲ್ಲ.

"ಮಕ್ಳನ್ನ ಮಲಗಿಸುದು ಟೀಚರ್," ಎಂದಳು. "ನಮ್ಮ ಊರಲ್ಲಿ ಭೂಮಿ ಆಗಾಗ ಮೈ ಮುರೀತದೆ. ಆಗ ದೊಡ್ಡವ್ರಿಗೂ ಇದನ್ನೇ ಹಾಡುದು."

ಮೊದಮೊದಲು ಇಡೀ ಬಡಾವಣೆಯೇ ಬಯಲಿನಲ್ಲಿ ರಜಾಯಿ ಹೊದ್ದು ಮಲಗುತ್ತಿತ್ತು. ಎಂಜಿನಿಯರು ಬಂದು ನಮ್ಮ ಕಟ್ಟಡವನ್ನು ತಟ್ಟಿ, ಕುಟ್ಟಿ, ಬಿರುಕು ಬಿಟ್ಟಿರುವುದು ಬರಿಯ ಪ್ಲಾಸ್ಟರು, ಕಂಬಗಳು ಗಟ್ಟಿಯಾಗಿವೆ ಎಂದು ಹೇಳಿ ಹೋದರು. ಒಬ್ಬೊಬ್ಬರೇ ಹಾಸಿಗೆ ಸುತ್ತಿಕೊಂಡು ಮೇಲೆ ಹತ್ತಿದರು. ಯಜಮಾನರೂ ಹತ್ತಿದರು. ನಾನು ಹತ್ತಲಿಲ್ಲ. ಮೊದಲ ಮೆಟ್ಟಿಲಿನ ಮೇಲೆ ಕಾಲಿಟ್ಟರೆ ಸಾಕು, ಕಣ್ಣ ಮುಂದೆ ಚಾದರ ಇಳಿಯುತ್ತಿತ್ತು. ಹೋಟೆಲಿನ ಹಿಂದೆ ವಾಸಣ್ಣನ ಮನೆಗೆ ತಗಡಿನ ಸೂರು. ಬಿದ್ದರೂ ತಲೆಗೊಂದು ಬುಗುಟು ಬರುತ್ತದೆ, ಅಷ್ಟೆ. ನಾನು ಅಲ್ಲಿ ಲೋರ್ನಾಳ ಕೋಣೆಯಲ್ಲಿ ಬಿಡಾರ ಹೂಡಿದೆ. ಪಾಪ, ವಾಸಣ್ಣ ಹೋಟೆಲಿನ ಬೆಂಚುಗಳನ್ನು ಜೋಡಿಸಿಕೊಂಡು ಮಲಗತೊಡಗಿದ.

ಹೀಗೆ ನಮ್ಮ ಸಂಸಾರ ಮೂರು ಮಹಡಿಗಳ ಅಂತರದಲ್ಲಿ ನಡೆಯುತ್ತಿತ್ತು. ಯಜಮಾನರು ಮುಂದಿನ ಬಾಲ್ಕನಿಗೆ ಬಂದು ಬಗ್ಗಿ ಕೂಗುವರು:

"ಏ, ಸಾಸಿವಿ ಡಬ್ಬಿ ಎಲ್ಲಿಟ್ಟೀ?"

"ಒಲೆ ಪಕ್ಕದ ಶೆಲ್ಫಲ್ಲಿ ರೀ, ಎರಡನೇದು!"

"ಎರಡನೇದರಾಗ ಜೀರಗಿ ಅದ!"

"ಹಾಗಾದರೆ ಜೀರಿಗೇನೇ ಹಾಕಿ!"

ಈ ಸಂವಾದದ ನಡುವೆ ಬೀದಿಯಲ್ಲಿ ಹೋಗುತ್ತಿದ್ದ ಗುಜರಾತಿ ಹೆಂಗಸರು ನಿಂತು, ಭಾಷೆ ತಿಳಿಯದಿದ್ದರೂ ವಿಷಯ ತಿಳಿದು, ನಗುತ್ತಿದ್ದರು. ಯಜಮಾನರು ಬ್ಯಾಂಕಿನಲ್ಲಿ ಬೇರೆ ಊರಿಗೆ ವರ್ಗ ಕೇಳಲೋ ಎಂದರು. ಅಲ್ಲಿಯ ಮನೆಯೂ ಎರಡನೇ ಮಹಡಿಯಲ್ಲಿದ್ದರೆ ಎಂದೆ ನಾನು. ಇಲ್ಲ, ನೀನು ನಿನ್ನ ಅಣ್ಣನ ಮನೆಗೆ ಹಾಸನಕ್ಕೆ ಹೋಗಿ ಸ್ವಲ್ಪ ದಿನ ಇರ್ತೀಯೋ ಎಂದರು. ಆ 'ಸ್ವಲ್ಪ ದಿನ' ಎಷ್ಟು ಉದ್ದ ಎಂದು ಇಬ್ಬರೂ ಕೇಳಿಕೊಳ್ಳಲಿಲ್ಲ. ಟಿಕೆಟ್ಟಿನ ಮಾತು ಒಂದೆರಡು ಸಲ ಬಂದು ಹೋಯಿತು. ನಾನು ಮತ್ತೆ ಆ ಮನೆಯ ಒಳಗೆ ಕಾಲಿಡುತ್ತೇನೋ ಇಲ್ಲವೋ ಎಂಬುದು ನನಗೇ ಗೊತ್ತಿರಲಿಲ್ಲ.

ಹೆದರಿದ್ದವಳು ನಾನೊಬ್ಬಳೇ ಎಂದುಕೊಳ್ಳಬೇಡಿ. ಒಂದು ಬೆಳಿಗ್ಗೆ ಹೋಟೆಲು ತುಂಬಿತ್ತು. ಇದ್ದಕ್ಕಿದ್ದಂತೆ ಗೋಡೆ ಗುಂಯ್ ಎಂದಿತು, ಮೇಜಿನ ಮೇಲಿನ ಲೋಟಗಳು ಕಣಕಣ ಎಂದವು. ಅಷ್ಟೇ. ದೋಸೆ ಬಿಟ್ಟು ಗಿರಾಕಿಗಳು, ಸೌಟು ಹಿಡಿದು ಅಡುಗೆಯವರು, ಎಲ್ಲರಿಗಿಂತ ಮೊದಲು ವಾಸಣ್ಣ, ರಸ್ತೆಗೆ ಬಂದು ಬಿದ್ದೆವು. ನನ್ನ ಕೈಯಲ್ಲಿ ಚಟ್ನಿಯ ಬಟ್ಟಲಿತ್ತು. ಪ್ರಾಣದ ಜೊತೆಗೆ ಉಳಿಸಿಕೊಳ್ಳಲು ನಾನು ಆರಿಸಿದ ಆಸ್ತಿ ಅದು. ಒಳಗಿನಿಂದ ನಿರಾಳವಾದ ಹಾಡು ಕೇಳಿಸುತ್ತಿತ್ತು. ಹೊಸದಾಗಿ ತಂದ ರುಬ್ಬುವ ಯಂತ್ರಕ್ಕೆ ಅಕ್ಕಿ ಹಾಕಿ ಲೋರ್ನಾ ಹಾಡಿಕೊಳ್ಳುತ್ತ ನಿಂತಿದ್ದಳು.

"ಎಂತ ಮಾರಾಯ್ರೆ, ಎಲ್ರೂ ಹೊರಗೆ?" ಎಂದು ಇಣುಕಿದಳು. "ಹಿಟ್ಟು ರುಬ್ಬುದಕ್ಕೂ ಓಡುದಾ?"

"ನಾನು ಗ್ಯಾಸಿನವ ಬಂದನಾ ಅಂತ ನೋಡ್ಲಿಕ್ಕೆ ಬಂದದ್ದು," ಎಂದ ವಾಸಣ್ಣ, ಬರಿಗಾಲಿನಲ್ಲಿ.

ಅಂದು ನಾನು ಅವಳ ಹಾಡನ್ನು ಮೊದಲ ಬಾರಿಗೆ ಸರಿಯಾಗಿ ಕೇಳಿದೆ. ಯಂತ್ರದ ಕಲ್ಲು ಮೂರು ಮಾತ್ರೆಗೊಮ್ಮೆ ಗಡಕ್ಕೆನ್ನುತ್ತಿತ್ತು. ಅವಳು ಆ ಗಡಕ್ಕಿಗೆ ಪದ ಕೂರಿಸುತ್ತಿದ್ದಳು. ಅವಳ ಊರಿನ ಹಾಡುಗಳಲ್ಲಿ ಬಹಳಷ್ಟು ಈ ಮೂರರ ನಡೆಯವೇ. ನಮ್ಮ ಸಂಗೀತದ ಮೇಷ್ಟರು ಇದನ್ನು ತಿಶ್ರ ಎನ್ನುತ್ತಿದ್ದರು. ಗುಜರಾತಿನವರು ಇಂಥ ಮೂರರ ಎರಡು ಹೆಣಿಗೆಗಳನ್ನು ಜೋಡಿಸಿ, ಹೀಂಚ್ ಎಂದು ಕರೆದು, ಗರಬಾದಲ್ಲಿ ಸುತ್ತು ಹಾಕುತ್ತಾರೆ. ಭೂಮಿ ತಾನು ಸುತ್ತುವುದೂ ಮೂರರ ನಡೆಯಲ್ಲೇ ಇರಬೇಕು. ಎಲ್ಲೋ ಒಮ್ಮೆ ತಾಳ ತಪ್ಪುತ್ತದೆ.

ಅಲ್ಲಿಂದ ಮುಂದೆ ನನಗೆ ಹೊತ್ತು ಹೋಗುವುದು ಸುಲಭವಾಯಿತು. ಅವಳು ಬೆಳ್ಳುಳ್ಳಿ ಸುಲಿಯುತ್ತ ಹಾಡುವಳು, ನಾನು ಬೆರಳು ಮಡಿಸಿ ಅಕ್ಷರ ಎಣಿಸುವೆ. ನಾಲ್ಕು ಸಾಲು, ಸಾಲಿಗೆ ಎಂಟಕ್ಷರ, ನಾಲ್ಕಕ್ಕೂ ಒಂದೇ ಪ್ರಾಸ, ಎಷ್ಟು ಪದ್ಯ ಬಂದರೂ ಒಂದೇ ಮಟ್ಟು. ಲಘು ಗುರುವಿನ ಗೊಡವೆಯೇ ಇಲ್ಲ. ಗಣ ಹಾಕಿ ಹಾಕಿ ಕಣ್ಣು ಸವೆಸಿಕೊಂಡ ನನಗೆ ಇದು ಟಿಕೆಟ್ಟಿಲ್ಲದ ಪ್ರಯಾಣದಂತೆ ಕಂಡಿತು. ಪ್ರಾಸವೂ ಅಷ್ಟೆ. ನಮ್ಮ ಹಳೆಯ ಕವಿಗಳು ಪ್ರಾಸವನ್ನು ಸಾಲಿನ ಎರಡನೆಯ ಅಕ್ಷರದಲ್ಲಿ ಇಟ್ಟರು, ಹೊಸ್ತಿಲಲ್ಲೇ ಕಾಲಿಗೆ ನೀರು ಕೊಟ್ಟು ಕುಶಲ ಕೇಳುವ ಮನೆಯವರಂತೆ. ಲೋರ್ನಾಳ ಊರಿನವರು ಸಾಲಿನ ತುದಿಯಲ್ಲಿ ಇಟ್ಟಿದ್ದಾರೆ, ಹೊರಟ ಮೇಲೂ ಗೇಟಿನ ಬಳಿ ನಿಂತು ಮಾತು ಮುಂದುವರಿಸುವ ನೆಂಟರಂತೆ. ಆ ತುದಿಯೂ ಪೂರ್ತಿ ಒಂದೇ ಆಗಬೇಕೆಂದಿಲ್ಲ. ಸ್ವರ ಹೊಂದಿದರೆ ಸಾಕು. ಕಕಾರ ಗಕಾರಗಳು ಅವಳ ಪಾಲಿಗೆ ದಾಯಾದಿಗಳು, ಒಂದೇ ಪಂಕ್ತಿಯಲ್ಲಿ ಕೂತು ಉಣ್ಣಬಹುದು.

ಇನ್ನೊಂದು ಬಗೆಯ ಹಾಡೂ ಇತ್ತು. ಅದರ ಹೆಸರು ಕುಂದಿಮಾನ್. ಅದು ತನ್ನ ದ್ವೀಪದ್ದಲ್ಲ, ರಾಜಧಾನಿಯ ಕಡೆಯವರದು, ಆದರೆ ಅಮ್ಮ ಹಾಡುತ್ತಿದ್ದಳು ಎಂದಳು. ಪ್ರೇಮದ ಹಾಡು, ನಿಧಾನ, ಸಾಲಿಗೆ ಹನ್ನೆರಡು ಅಕ್ಷರ, ಆರಕ್ಕೊಂದು ಉಸಿರು. ಮೊದಲರ್ಧ ಪೂರ್ತಿ ಮಂಕು. ನಮ್ಮ ಸಂಗೀತದ ಲೆಕ್ಕದಲ್ಲಿ ತಗ್ಗಿದ ಗಾಂಧಾರ, ಅಂದರೆ ಕೆಳಗಿಳಿದ 'ಗ' ಸ್ವರ. ಅಳುವೇ ಬಂದೀತು ಎನ್ನುವಷ್ಟರಲ್ಲಿ, ಅದೇ ಷಡ್ಜದ ಮೇಲೆ, ಯಾರೋ ಕಿಟಕಿ ತೆರೆದ ಹಾಗೆ ಗಾಂಧಾರ ಮೇಲಕ್ಕೇರುತ್ತದೆ. ಮಾತಿನಲ್ಲಿ ಸಂಕಟ ಹಾಗೇ ಇರಬಹುದು, ರಾಗ ಮಾತ್ರ ಬಿಸಿಲಿಗೆ ಬಂದಿರುತ್ತದೆ.

"ಎರಡನೇ ಅರ್ಧ ಬಾರದಿದ್ರೆ ಅದು ಕುಂದಿಮಾನ್ ಅಲ್ಲ ಟೀಚರ್. ಬರೀ ಅಳುದು."

ನನಗೆ ಹೇಳಿದ್ದೋ ಹಾಡಿನ ಬಗ್ಗೆ ಹೇಳಿದ್ದೋ ತಿಳಿಯಲಿಲ್ಲ. ನನ್ನ ತಲೆಯೊಳಗೆ ಆ ಬೆಳಿಗ್ಗೆ ಹಾಗೆಯೇ ಇತ್ತು. "ಕೇಮ್ ಛೋ", ಧೂಳು, ಚಾದರ. ಚಾದರ ನೆಲ ಮುಟ್ಟುವ ಮೊದಲೇ ಮತ್ತೆ "ಕೇಮ್ ಛೋ". ಮೊದಲರ್ಧವನ್ನೇ ತಿರುಗಿಸಿ ತಿರುಗಿಸಿ ಹಾಡುತ್ತಿದ್ದೆ. ಎರಡನೆಯ ಅರ್ಧದಲ್ಲಿ ಜಶೋದಾಬೆನ್ ಬದುಕಿದ್ದರು, ವಡೋದರಾದಲ್ಲಿ ಕಾಲು ಚಾಚಿಕೊಂಡು ಮಗಳಿಗೆ ಅಡುಗೆ ಹೇಳಿಕೊಡುತ್ತಿದ್ದರು. ಗೊತ್ತಿದ್ದೂ ಅಲ್ಲಿಗೆ ಹೋಗಲು ನನ್ನ ರಾಗ ಏಳುತ್ತಿರಲಿಲ್ಲ.

ಕೊನೆಗೆ ಲೋರ್ನಾ ತನ್ನ ದ್ವೀಪದ ಇನ್ನೊಂದು ಪದ್ಧತಿಯನ್ನು ಹೊರಗೆ ತೆಗೆದಳು. ಅದು ಬಾಲಿತಾವ್. ಗಂಡು ಹೆಣ್ಣು ಎದುರುಬದುರು ನಿಂತು ಹಾಡಿನಲ್ಲೇ ವಾದಿಸುವುದು. ಅವನು ಬಾ ಎನ್ನುತ್ತಾನೆ, ಅವಳು ಬರುವುದಿಲ್ಲ ಎನ್ನುತ್ತಾಳೆ. ಪದ್ಯಗಳನ್ನು ಮೊದಲೇ ಕಟ್ಟಿಕೊಂಡು ಬರುವ ಹಾಗಿಲ್ಲ, ನಿಂತ ನಿಲುವಿನಲ್ಲೇ ಹುಟ್ಟಬೇಕು.

"ಹಾಡಲ್ಲಿ ಕೇಳಿದ್ರೆ ಹಾಡಲ್ಲೇ ಹೇಳ್ಬೇಕು," ಎಂದು ಅವಳು ಕಟ್ಟಳೆ ವಿವರಿಸಿದಳು. "ಬಾಯಿ ಕಟ್ಟಿದವ್ರು ಸೋತ ಹಾಗೆ. ಅಕ್ಷರ ತಪ್ಪಿದ್ರೆ ಆ ಪದ್ಯ ಲೆಕ್ಕಕ್ಕಿಲ್ಲ, ನಿಂತವ್ರೆಲ್ಲ ನಗ್ತಾರೆ. ನೀವು ಹೇಗೂ ದಿನಾ ಬೀದಿಯಲ್ಲಿ ಕೂಗ್ತೀರಿ. ಸಾರ್ ಗೆದ್ರೆ ನೀವು ಮೇಲೆ ಹೋಗ್ಬೇಕು. ನೀವು ಗೆದ್ರೆ ಸಾರ್ ಟಿಕೆಟ್ ತೆಗೀತಾರೆ. ಆಯ್ತಾ?"

ಆಯ್ತು ಎಂದೆ; ಯಜಮಾನರೂ ಒಪ್ಪಿದರು. ಬ್ಯಾಂಕಿನ ಮನುಷ್ಯನೊಬ್ಬ ಛಂದಸ್ಸಿನಲ್ಲಿ ನನ್ನನ್ನು ಸೋಲಿಸುವುದುಂಟೇ? ಒಂದು ವಿಷಯವನ್ನು ನಾನು ಮರೆತಿದ್ದೆ. ನಮ್ಮವರು ವಿಜಾಪುರದ ಕಡೆಯವರು. ಹೆಣ್ಣು ಹೆಚ್ಚೋ ಗಂಡು ಹೆಚ್ಚೋ ಎಂದು ಹರದೇಶಿ ನಾಗೇಶಿ ಮೇಳದವರು ದಪ್ಪು ಬಡಿದು ಸವಾಲು ಜವಾಬು ಹಾಡುವುದನ್ನು ಚಿಕ್ಕಂದಿನಲ್ಲಿ ಕೇಳುತ್ತ ಬೆಳೆದವರು. ಮೊದಲ ಸಂಜೆಯೇ ಬಾಲ್ಕನಿಯ ಕಟಾಂಜನದ ಮೇಲೆ ತಟ್ಟೆಯೊಂದನ್ನು ದಪ್ಪಿನಂತೆ ಬಡಿಯುತ್ತ ಶುರು ಮಾಡಿದರು:

ಸಾರುಕ್ಕಿ ಹೋತ ಕೆಳಗ
ಅನ್ನ ಹತ್ತೇದ ಬುಡಕ
ನೀ ಕುಂತಿ ಬೀದಿ ಬದಿಗ
ಬಾ ಇನ್ನ ಮನಿಯೊಳಗ

ಲೋರ್ನಾ ಬೆರಳೆಣಿಸಿ ಎಂಟೆಂಟೂ ಸರಿ ಎಂದಳು. 'ಬುಡಕ' ಬಂದಾಗ ನಾನು ಆಕ್ಷೇಪಿಸಿದೆ. "ದಾಯಾದಿ, ದಾಯಾದಿ" ಎಂದು ಅವಳು ನನ್ನ ಬಾಯಿ ಮುಚ್ಚಿಸಿದಳು. ನಾನು ಸೆರಗು ಬಿಗಿದು ನಿಂತೆ:

ಸೌಟಿದೆ ಕೈ ಬಳಿಯಲಿ
ಉಪ್ಪಿದೆ ಭರಣಿಯಲಿ
ಕಲಿಯಿರಿ ಬೇಗದಲಿ
ನಾನಿರುವೆ ನೆಲದಲಿ

ಸುತ್ತಲಿದ್ದವರು ಚಪ್ಪಾಳೆ ತಟ್ಟಿದರು. ಮರುದಿನ ಬಡಾವಣೆಯ ಗುಜರಾತಿ ಹೆಂಗಸರು ಮಣೆ ತಂದು ಕೂತರು. ಹಾಡಿನ ಅರ್ಥವಾಗದಿದ್ದರೂ ಮೂರರ ನಡೆ ಅವರ ಕೈಗೆ ಹುಟ್ಟಿನಿಂದಲೇ ಗೊತ್ತು, ಹೀಂಚ್ ಹಾಕಿದರು. ವಿಜಾಪುರದ ಸವಾಲಿಗೆ ಹಾಸನದ ಜವಾಬು, ಸೆಬುವಿನ ಕಟ್ಟಳೆ, ಗುಜರಾತಿನ ತಾಳ. ಕುಸಿದ ಕಟ್ಟಡದ ಕಡೆಗೆ ಬೆನ್ನು ಮಾಡಿ ಕೂತ ಆ ಹೆಂಗಸರ ಮುಖಗಳಲ್ಲಿ ಎಷ್ಟೋ ದಿನಗಳ ಮೇಲೆ ನಗು ಕಾಣುತ್ತಿತ್ತು. ವಾಸಣ್ಣ ಎಲ್ಲರಿಗೂ ಚಹಾ ಕೊಡುತ್ತ, "ಇವ್ರ ಜಗಳ ಮುಗಿಯುದು ಬೇಡ ಮಾರಾಯ್ರೆ, ಯಕ್ಷಗಾನ ನೋಡಿದ ಹಾಗಾಗ್ತದೆ" ಎಂದ.

ನಿಜ ಹೇಳಬೇಕೆಂದರೆ ಗೆಲ್ಲುತ್ತಿದ್ದವಳು ನಾನೇ. ಅವರು ಕಂಬಗಳು ಗಟ್ಟಿ ಎಂದರೆ ಹಿಂದಿನ ಕಟ್ಟಡದ ಕಂಬಗಳೂ ಗಟ್ಟಿಯೇ ಇದ್ದವಲ್ಲ ಎಂದೆ. ಎಂಜಿನಿಯರ್ ಹೇಳಿದ್ದಾನೆ ಎಂದರೆ ಅವನ ಮನೆ ಎಷ್ಟನೇ ಮಹಡಿ ಎಂದೆ. ಎಲ್ಲವೂ ಎಂಟೆಂಟು ಅಕ್ಷರದಲ್ಲಿ. ಗೆಲುವು ಹತ್ತಿರವಾದಷ್ಟೂ ನನಗೆ ಊಟ ಸೇರದಾಯಿತು. ಗೆದ್ದರೆ ಹಾಸನ. ಹಾಸನದಲ್ಲಿ ಅಣ್ಣನ ಮನೆ ನೆಲದ ಮೇಲೇ ಇದೆ, ಸುಖವಾಗಿದೆ. ಆದರೆ ಸಾಸಿವೆ ಎಲ್ಲಿ ಎಂದು ಮೇಲಿನಿಂದ ಯಾರೂ ಕೂಗುವುದಿಲ್ಲ.

ಆ ಸಂಜೆ ಅವರು ಬಾಲ್ಕನಿಗೆ ಬರುವುದು ತಡವಾಯಿತು. ಬ್ಯಾಂಕಿನ ಅಂಗಿ ಇನ್ನೂ ಬಿಚ್ಚಿರಲಿಲ್ಲ. ಕೈಯಲ್ಲಿ ತಟ್ಟೆಯೂ ಇರಲಿಲ್ಲ. ಟಿಕೆಟ್ ತೆಗೆದೇ ಬಂದರೇನೋ ಎಂದು ಕೆಳಗಿನಿಂದಲೇ ಅವರ ಅಂಗಿಯ ಜೇಬನ್ನು ದಿಟ್ಟಿಸಿದೆ. ಅವರು ಕಟಾಂಜನ ಹಿಡಿದುಕೊಂಡು, ತಾಳವಿಲ್ಲದೆ, ಸಣ್ಣ ದನಿಯಲ್ಲಿ ಹಾಡಿದರು. ಕೇಳಿಸಿಕೊಳ್ಳಲು ಹೆಂಗಸರು ಚಪ್ಪಾಳೆ ನಿಲ್ಲಿಸಬೇಕಾಯಿತು.

ಲೋಟ ಲೋಟದ ಮ್ಯಾಲದ
ಗ್ವಾಡಿ ಸುಮ್ಮನ ನಿಂತದ
ಮನಿ ಗಟ್ಟಿ ಉಳದದ
ಹೆದರಿಕಿ ನನಗೂ ಅದ

ನಾನು ಬಾಯಿ ತೆರೆದೆ. ಏನೂ ಬರಲಿಲ್ಲ. ಲೋಟದ ಮೇಲೆ ಲೋಟ! ಆ ಉಪಾಯವನ್ನು ನಾನು ಆಗ ಇನ್ನೂ ಮಾಡಿರಲೇ ಇಲ್ಲ. ಕಂಬ ಗಟ್ಟಿ, ಗೋಡೆ ಗಟ್ಟಿ ಎಂದು ಊರಿಗೆಲ್ಲ ಕೇಳುವಂತೆ ಹಾಡಿದ ಮನುಷ್ಯ ಒಬ್ಬರೇ ಮನೆಯೊಳಗೆ ಲೋಟ ಪೇರಿಸಿಟ್ಟು, ಅದು ಬೀಳುವುದೋ ಎಂದು ಕಿವಿ ಕೊಟ್ಟು ಮಲಗುತ್ತಿದ್ದರು. ನನಗಾದರೋ ಹಿಡಿದುಕೊಳ್ಳಲು ಲೋರ್ನಾಳ ಕೈ ಇತ್ತು. ಅವರು ಹಿಡಿದುಕೊಂಡಿದ್ದು ಕಟಾಂಜನವನ್ನು.

ನಾನು ಲೋರ್ನಾಳ ಕಡೆ ನೋಡಿದೆ. ಅವಳು ಬೆರಳು ಮಡಿಸುತ್ತ ಎಣಿಸುತ್ತಿದ್ದಳು. ಮೊದಲ ಮೂರು ಸಾಲು ಸರಿಯಾಗಿದ್ದವು. ನಾಲ್ಕನೆಯದರಲ್ಲಿ ಎಂಟು ಬೆರಳು ಮುಗಿದ ಮೇಲೂ ಒಂದಕ್ಷರ ಉಳಿಯಿತು. ಒಂಬತ್ತನೆಯ ಬೆರಳು ಮಡಿಸಲೋ ಬೇಡವೋ ಎಂಬಂತೆ ಗಾಳಿಯಲ್ಲಿ ನಿಂತಿತು. ಅವಳೂ ನನ್ನನ್ನೇ ನೋಡಿದಳು. ಕಟ್ಟಳೆಯ ಪ್ರಕಾರ ನಾನೊಂದು ಮಾತು ಹೇಳಿದ್ದರೆ ಸಾಕಿತ್ತು, ಆ ಪದ್ಯ ಲೆಕ್ಕಕ್ಕಿಲ್ಲ. ನಾನು ಅವಳ ಆ ಬೆರಳನ್ನು ನನ್ನ ಮುಷ್ಟಿಯಲ್ಲಿ ಮುಚ್ಚಿ ಹಿಡಿದೆ.

"ಟೀಚರ್ ಸೋತ್ರು!" ಎಂದು ಲೋರ್ನಾ ಕೂಗಿದಳು. ವಾಸಣ್ಣ, "ಅಬ್ಬ, ಇವತ್ತಿಂದ ನನಗೆ ಮಂಚ!" ಎಂದ.

ಮೆಟ್ಟಿಲ ಬುಡದವರೆಗೆ ಅವಳು ಜೊತೆಗೆ ಬಂದಳು. ಮೊದಲ ಮೆಟ್ಟಿಲಿಗೆ ಚಾದರ ಬಂತು. ಬರಲಿ ಎಂದೆ. ಅವಳು ಕೆಳಗೆ ನಿಂತು ಮೂರರ ತಾಳ ಹಾಕಿದಳು, ನಾನು ತಾಳಕ್ಕೊಂದು ಮೆಟ್ಟಿಲು ಹತ್ತಿದೆ. ಅರ್ಧ ದಾರಿಯಲ್ಲಿ ಯಜಮಾನರೇ ಇಳಿದು ಬರುತ್ತಿದ್ದರು. ಮೇಲಿದ್ದವರು ಇಳಿಯಬೇಕೆಂದು ಕಟ್ಟಳೆಯಲ್ಲಿ ಎಲ್ಲಿಯೂ ಇರಲಿಲ್ಲ. ಒಳಗೆ ಹೋಗಿ ನೋಡಿದರೆ ಅಡುಗೆಮನೆಯ ತುಂಬ ಹಿಟ್ಟು, ಸಾಸಿವೆ ಡಬ್ಬಿಯ ತುಂಬ ಜೀರಿಗೆ, ಫ್ರಿಜ್ಜಿನ ಮೇಲೆ ಆ ಎರಡು ಲೋಟ.

ಸೂರತ್ತಿಗೆ ಬರುವ ಮೊದಲು ವಡೋದರಾದಲ್ಲಿ ಇಳಿದು ಜಶೋದಾಬೆನ್ನರನ್ನು ನೋಡಿಕೊಂಡು ಬಂದೆವು. ಕೋಲೂರಿ ನಡೆಯುತ್ತಾರೆ. ಹೊರಡುವಾಗ ಅವರ ಅಂಗಳದ ತಂತಿಯ ಮೇಲೆ ಒಂದು ಹೂವಿನ ಚಾದರ ಒಣಗುತ್ತಿತ್ತು. ಅದೇ ಅಲ್ಲ, ಬೇರೆ. ಆದರೂ ನಾನು ಅದನ್ನು ಸ್ವಲ್ಪ ಹೊತ್ತು ನೋಡಿದೆ. ಬಿಸಿಲಿನಲ್ಲಿ ಚೆನ್ನಾಗಿ ಒಣಗಿತ್ತು.

ಈಗಲೂ ಲಾರಿ ಹೋದರೆ, ಪಕ್ಕದವರ ಮಿಕ್ಸಿ ಗುರ್ ಎಂದರೆ, ನನ್ನ ಗಾಂಧಾರ ತಗ್ಗುತ್ತದೆ. ಎರಡನೆಯ ಅರ್ಧ ಬರುತ್ತದೆ, ಸ್ವಲ್ಪ ತಡವಾಗಿ. ಮನೆಯಲ್ಲಿ ಮಾತಿಗೆ ಮಾತು ಬೆಳೆದಾಗಲೆಲ್ಲ ಯಜಮಾನರು ತಟ್ಟೆ ಬಡಿದು, ಛಂದಸ್ಸಿನಲ್ಲಿ ಎಂ.ಎ.ಯನ್ನು ಸೋಲಿಸಿದ ಮನುಷ್ಯ ನಾನು ಎಂದು ಜಂಬ ಕೊಚ್ಚುತ್ತಾರೆ. ಕೊನೆಯ ಸಾಲಿನಲ್ಲಿ ಒಂದಕ್ಷರ ಹೆಚ್ಚಾಗಿತ್ತು ಎಂದು ನಾನು ಇದುವರೆಗೂ ಅವರಿಗೆ ಹೇಳಿಲ್ಲ. ಹೇಳುವುದೂ ಇಲ್ಲ. ಬ್ಯಾಂಕಿನವರು, ಕೂತು ಆ ಸಾಲಿನ ಲೆಕ್ಕ ಸರಿ ಮಾಡಿಬಿಡುತ್ತಾರೆ.